ಹತ್ತನೆಯ ದಿನದ ಫೋನು

ಅಂಗಡಿಯ ಕಂಪ್ಯೂಟರಿನ ಪಾಸ್‌ವರ್ಡ್ ಅದರ ಪರದೆಯ ಅಂಚಿಗೇ ಅಂಟಿಸಿದ ಚೀಟಿಯಲ್ಲಿತ್ತು. ಬರೆದು ಅಂಟಿಸಿದವರು ಮಾವ. ಸೊಸೆ ಹಾಗೆ ಕರೆಯುವುದನ್ನು ಕೇಳಿ ಕೇಳಿ ಇಡೀ ಬೀದಿಯೇ ಅವರನ್ನು ಕನ್ನಡಕದ ಮಾವ ಎನ್ನುತ್ತಿತ್ತು. "ಮೂರು ಜನ ಇರೋ ಅಂಗಡಿ, ಇದರಲ್ಲಿ ಗುಟ್ಟೇನು ಬಂತು?" ಎಂದು ಅವತ್ತು ದೊಡ್ಡದಾಗಿ ಹೇಳಿದ್ದರು. ಮಗ ಮುಂದೆ ಕೂತು ಫ್ರೇಮು ಮಾರುತ್ತಿದ್ದ, ಸೊಸೆ ಕಣ್ಣು ಪರೀಕ್ಷಿಸುತ್ತಿದ್ದಳು, ಮಾವ ಹಿಂದಿನ ಮೂಲೆಯಲ್ಲಿ ತಿರುಗುವ ಚಕ್ರಕ್ಕೆ ಗಾಜು ಹಿಡಿದು ಅಂಚು ಸವೆಸುತ್ತಿದ್ದರು. ನಲವತ್ತು ವರ್ಷದಿಂದ ಅದೇ ಸ್ಟೂಲು, ಅದೇ ಮೂಲೆ.

ಈಗ ಅದೇ ಮಾವನಿಗೆ ಗುಟ್ಟು ಬಚ್ಚಿಡಲು ಜಾಗ ಬೇಕಾಗಿತ್ತು.

ಒಂದೇ ತಿಂಗಳಲ್ಲಿ ಎರಡು ಸಲ ಎಡಗೈ ಬೆರಳು ಚಕ್ರಕ್ಕೆ ತಾಗಿತ್ತು. "ಇನ್ನೊಂದು ಸಲ ಹೀಗಾದ್ರೆ ಚಕ್ರ ಮುಟ್ಟೋಕೆ ಬಿಡಲ್ಲ ಅಪ್ಪ" ಎಂದು ಮಗ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ಹಾಗಾಗಿ ಒಂದು ಮಧ್ಯಾಹ್ನ ಇಬ್ಬರೂ ಊಟಕ್ಕೆ ಹೋದಾಗ ಮಾವ ಪರೀಕ್ಷೆಯ ಯಂತ್ರಕ್ಕೆ ಗಲ್ಲ ಒಡ್ಡಿ ಕೂತರು. ಒಳಗೆ ಅಲ್ಲಲ್ಲಿ ಮಿನುಗುವ ಬೆಳಕು ಕಂಡಾಗೆಲ್ಲ ಗುಂಡಿ ಒತ್ತಬೇಕು. ಮುಗಿದ ಮೇಲೆ ಪರದೆಯ ಮೇಲೆ ಬಂದ ಚಿತ್ರದ ಎಡಭಾಗ ಕಪ್ಪಗಿತ್ತು. ಬೇರೆಯವರ ಚಿತ್ರಗಳಲ್ಲಿ ಅಂಥ ಕಪ್ಪನ್ನು ಎಷ್ಟೋ ಸಲ ನೋಡಿದ್ದರು. ಆ ಕಡೆ ಮಿನುಗಿದ ಬೆಳಕು ಅವರಿಗೆ ಕಂಡಿರಲೇ ಇಲ್ಲ.

ಕಂಪ್ಯೂಟರ್ ರಿಪೇರಿಯವನು ಬಂದಾಗ, ಸ್ನೇಹಿತನೊಬ್ಬನಿಗೆ ಬೇಕಂತೆ ಎಂದು ಸುಳ್ಳು ಹೇಳಿ, ಕಂಪ್ಯೂಟರಿನಲ್ಲಿ ಗುಟ್ಟು ಬಚ್ಚಿಡುವುದು ಹೇಗೆಂದು ವಿಚಾರಿಸಿದರು.

"ತನ್ನದೇ ಬೇರೆ ಖಾತೆ ಮಾಡ್ಕೊಳ್ಳಲಿ" ಎಂದ ಅವನು. "ಪಾಸ್‌ವರ್ಡ್ ಯಾರಿಗೂ ಹೇಳಬಾರದು. ಎದ್ದು ಹೋಗುವಾಗ ಸ್ಕ್ರೀನ್ ಲಾಕ್ ಮಾಡ್ಬೇಕು." ಆಮೇಲೆ ಚೀಟಿಯ ಕಡೆ ನೋಡಿ, "ಇಂಥ ಚೀಟಿ ಅಂತೂ ಅಂಟಿಸಲೇಬಾರದು" ಎಂದ. ಮಾವ ಹುಳ್ಳಗೆ ನಕ್ಕರು.

ಆದರೆ ಅವರ ಲೆಕ್ಕಾಚಾರವೇ ಬೇರೆ. ಇಷ್ಟು ದಿನ ಇಲ್ಲದ ಬೀಗ ಕಂಪ್ಯೂಟರಿನೊಳಗೆ ಕಂಡರೆ ಮಗ ಬಿಡುತ್ತಾನೆಯೇ? ಬೀಗಕ್ಕಿಂತ ಗುಂಪೇ ವಾಸಿ. ಹನ್ನೊಂದು ಸಾವಿರ ಗಿರಾಕಿಗಳ ಪಟ್ಟಿಯಲ್ಲಿ ಹುಟ್ಟದೇ ಇರುವ ಒಬ್ಬ ಗಿರಾಕಿಯ ಹೆಸರಿನಲ್ಲಿ ತಮ್ಮ ಚಿತ್ರವನ್ನು ಸೇರಿಸಿದರು. ಫೋನ್ ನಂಬರ್ ಹಾಕದೆ ಪುಟ ಮುಚ್ಚಲು ಆಗಲಿಲ್ಲ. ಅವರಿಗೆ ಬಾಯಿಪಾಠವಿದ್ದದ್ದು ಒಂದೇ ನಂಬರು, ಅಂಗಡಿಯದು. ಅದನ್ನೇ ಹಾಕಿದರು. ಆಮೇಲೆ ದಿನಕ್ಕೊಮ್ಮೆ ಆ ಪುಟ ತೆಗೆದು ನೋಡುವ ಚಾಳಿ ಹತ್ತಿತು. ಕಪ್ಪು ಕರಗಿರುತ್ತದೇನೋ ಎಂಬ ಆಸೆ, ಪಾಪ. ತೆಗೆಯುವ ಮೊದಲು ಓರೆಗಣ್ಣಿನಲ್ಲಿ ಎರಡೂ ಕಡೆ ನೋಡಿ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಇಷ್ಟೆಲ್ಲ ಜಾಣತನದಲ್ಲಿ ತಾವೇ ಮಾಡಿದ್ದ ಒಂದು ನಿಯಮ ಮರೆತುಹೋಗಿತ್ತು. ಪರೀಕ್ಷೆಯಲ್ಲಿ ಕಪ್ಪು ಕಂಡವರಿಗೆ ಹತ್ತನೆಯ ದಿನ ಫೋನ್ ಮಾಡಿ, ಡಾಕ್ಟರಿಗೆ ತೋರಿಸಿದರೋ ಇಲ್ಲವೋ ಕೇಳಲೇಬೇಕು. ಗಿರಾಕಿಗಳ ವಿವರ ದಪ್ಪ ಪುಸ್ತಕದಲ್ಲಿದ್ದ ಕಾಲದಿಂದಲೂ ಅದು ನಡೆದುಬಂದಿತ್ತು. ಈಗ ಕಂಪ್ಯೂಟರೇ ಬೆಳಿಗ್ಗೆ ಬೆಳಿಗ್ಗೆ ಪಟ್ಟಿ ಕೊಡುತ್ತಿತ್ತು, ಸೊಸೆ ಫೋನ್ ಮಾಡುತ್ತಿದ್ದಳು.

ಅಂದು ಮಗ ಫ್ರೇಮು ತರಲು ಹೋಗಿದ್ದ. ಚಕ್ರದ ಪಕ್ಕದ ಫೋನು ರಿಂಗಾಯಿತು. ಮಾವ ಎತ್ತಿಕೊಂಡು, "ಕನ್ನಡಕದ ಅಂಗಡಿ, ಹೇಳಿ" ಎಂದರು.

"ನೀವು ಕಣ್ಣಿನ ಪರೀಕ್ಷೆ ಮಾಡಿಸ್ಕೊಂಡು ಹತ್ತು ದಿನ ಆಯ್ತು. ಡಾಕ್ಟರಿಗೆ ತೋರಿಸಿದ್ರಾ?"

ದನಿ ಕಿವಿಯಲ್ಲೂ ಕೇಳಿಸಿತು, ಅಂಗಡಿಯ ಮುಂದಿನಿಂದಲೂ ಕೇಳಿಸಿತು. ಮಾವ ಮೆಲ್ಲಗೆ ಚಕ್ರ ನಿಲ್ಲಿಸಿದರು.

"ಯಾವಾಗ ಗೊತ್ತಾಯ್ತು?" ಎಂದರು, ಫೋನಿನಲ್ಲೇ.

ಸೊಸೆ ತನ್ನ ಮೊಬೈಲ್ ಇಟ್ಟು ಎದ್ದು ಬಂದಳು. "ಇವತ್ತು ಪಟ್ಟಿ ನೋಡಿ ಅಲ್ಲ, ಮಾವ. ಮೊನ್ನೆ ನೀವು ಆ ಪುಟ ತೆಗೆದಾಗ ನಾನು ನಿಮ್ಮ ಎಡಗಡೆನೇ ನಿಂತಿದ್ದೆ. ಒಂದು ಮೊಳ ದೂರ. ನೀವು ಎರಡೂ ಕಡೆ ಕಣ್ಣು ಹಾಯಿಸಿದ್ರಿ. ನನ್ನ ಮೇಲೂ ಹಾಯಿಸಿದ್ರಿ."

ಮಾವನಿಗೆ ಚಿತ್ರದಲ್ಲಿ ಕಪ್ಪು ಕಂಡಾಗ ಆಗದಿದ್ದ ಭಯ ಈಗ ಆಯಿತು.

"ಅವನಿಗೆ ಹೇಳಿದ್ಯಾ?"

"ಇಲ್ಲ. ನಿಮ್ಮ ಮಗ, ನಿಮ್ಮ ಕಣ್ಣು. ಹೇಳೋದು ಬಿಡೋದು ನಿಮಗೆ ಬಿಟ್ಟಿದ್ದು. ಡಾಕ್ಟರ ಹತ್ರ ಹೋಗೋದು ಮಾತ್ರ ನಿಮಗೆ ಬಿಟ್ಟಿದ್ದಲ್ಲ." ಹಾಗೆಂದು ಕಂಪ್ಯೂಟರಿನಲ್ಲಿ ಅವರಿಗೆ ಬೇರೆ ಖಾತೆ ಮಾಡಿದಳು. ಆ ಚಿತ್ರವನ್ನು ಪಟ್ಟಿಯಿಂದ ತೆಗೆದು ಅದರೊಳಗೆ ಇಟ್ಟಳು. "ಪಾಸ್‌ವರ್ಡ್ ನೀವೇ ಹಾಕಿ. ನಾನು ನೋಡಲ್ಲ."

ಮಾವ ಒಂದು ಬೆರಳು ಎತ್ತಿ ಹಾಗೇ ಹಿಡಿದರು. "ಈಗ ಎಲ್ಲಿ ನಿಂತಿದ್ದೀಯ?"

"ಬಾಗಿಲ ಹತ್ರ."

ಪೂರ್ತಿ ಕತ್ತು ತಿರುಗಿಸಿ ನೋಡಿದರು. ಹೌದು, ಬೆನ್ನು ತಿರುಗಿಸಿ ಬೀದಿ ನೋಡುತ್ತಾ ನಿಂತಿದ್ದಳು. ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಆಮೇಲೆ ಪರದೆಯ ಅಂಚಿನ ಹಳೆಯ ಚೀಟಿಯನ್ನು ಉಗುರಿನಿಂದ ಎಬ್ಬಿಸಿ ಹರಿದರು.

"ಡಾಕ್ಟರು ಎಷ್ಟು ಗಂಟೆಯವರೆಗೆ ಇರ್ತಾರೆ?"

"ಒಂದು ಗಂಟೆವರೆಗೆ."

ಮಾವ ಅಂಗಡಿಯ ಬೀಗ ಕೈಗೆ ತೆಗೆದುಕೊಂಡರು. ಇಬ್ಬರೂ ಮೆಟ್ಟಿಲಿಳಿದ ಮೇಲೆ, ಬೀದಿ ದಾಟುವ ಮುಂಚೆ ಮಾವ ನಿಂತರು.

"ಆ ಕಡೆ ಅಲ್ಲ ಕಣಮ್ಮ" ಎಂದರು. "ನನ್ನ ಎಡಗಡೆಗೆ ಬಾ."