ಹೊಸ ಫೋನಿಗೆ ಬಾರದೇ ಹೋದದ್ದು

ಕರೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಚೌಡೇಶ್ ಒಂಬತ್ತು ವರ್ಷ ಪ್ರೆಸ್ ಮಷೀನ್ ಓಡಿಸಿದ್ದ. ಟ್ರ್ಯಾಕ್ಟರ್ ಟ್ರೇಲರಿಗೆ ಬೇಕಾದ ತಗಡಿನ ಭಾಗಗಳನ್ನು ಒತ್ತಿ ತೆಗೆಯುವ ಮಷೀನ್ ಅದು. ಹೆಂಡತಿ ಯಶೋದಾ, ಐದು ವರ್ಷದ ಮಗಳ ಜೊತೆ ಹರಿಹರದಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ. ದಿನಾ ಬೆಳಿಗ್ಗೆ ಏಳರ ಬಸ್ಸಿಗೆ ದಾವಣಗೆರೆಗೆ ಬರುತ್ತಿದ್ದ. ಕೆಲಸ ಕೊಡಿಸಿದವನು ವಾಮದೇವಪ್ಪ, ಅದೇ ಕಾರ್ಖಾನೆಯ ಸೂಪರ್‌ವೈಸರ್. ಇಬ್ಬರದೂ ಮಾಯಕೊಂಡ. ರಕ್ತಸಂಬಂಧ ಏನೂ ಇರಲಿಲ್ಲ, ಆದರೂ ಚೌಡೇಶ್ ಅವನನ್ನು ಮಾಮ ಎಂದೇ ಕರೆಯುತ್ತಿದ್ದ.

ಆ ಮಷೀನಿಗೆ ಎರಡು ಗುಂಡಿ. ಎರಡನ್ನೂ ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಅಚ್ಚು ಕೆಳಗೆ ಬೀಳಬೇಕು. ಕೈ ಎರಡೂ ಗುಂಡಿಯ ಮೇಲಿದ್ದರೆ ಅಚ್ಚಿನ ಕೆಳಗೆ ಸಿಗುವ ಮಾತೇ ಇಲ್ಲ. ಆದರೆ ಜನವರಿಯಲ್ಲಿ ಆರ್ಡರ್ ಮೇಲೆ ಆರ್ಡರ್ ಬಂದಾಗ, ಬಲಗಡೆಯ ಗುಂಡಿ ಸದಾ ಒತ್ತಿಯೇ ಇರುವ ಹಾಗೆ ಅದಕ್ಕೆ ತಂತಿ ಬಿಗಿದರು. ಎಡಗೈ ಗುಂಡಿ ಒತ್ತುತ್ತದೆ, ಬಲಗೈ ತಗಡು ಇಡುತ್ತದೆ, ತೆಗೆಯುತ್ತದೆ. ಕೆಲಸ ಬೇಗ ಸಾಗುತ್ತದೆ.

ಚೌಡೇಶನಿಗೆ ಅದು ಸರಿ ಕಾಣಲಿಲ್ಲ. ತಂತಿಯ ಫೋಟೋ ತೆಗೆದು ವಾಮದೇವಪ್ಪನ ವಾಟ್ಸಾಪ್‌ಗೆ ಕಳಿಸಿದ. "ಮಾಮ, ಇದು ಡೇಂಜರ್ ಐತೆ, ಬಿಚ್ಚಿಸ್ರಿ" ಎಂದು ಬರೆದ. ವಾಮದೇವಪ್ಪನಿಗೆ ಟೈಪು ಮಾಡುವುದು ಆಗಿಬರುತ್ತಿರಲಿಲ್ಲ. ಅವನ ಉತ್ತರ ಮಾತಿನಲ್ಲೇ ಬಂತು: "ಈ ಆರ್ಡರ್ ಒಂದು ಮುಗೀಲಿ ಚೌಡ. ಸಾಹೇಬ್ರೇ ಹೇಳಿ ಕಟ್ಟಿಸ್ಯಾರ. ಅಲ್ಲೀ ತನಕ ಹುಷಾರಾಗಿ ಓಡ್ಸು." ಜೂನ್ ಬರುವಷ್ಟರಲ್ಲಿ ಚೌಡೇಶ್ ನಾಲ್ಕು ಸಲ ಫೋಟೋ ಕಳಿಸಿದ್ದ. ನಾಲ್ಕು ಸಲವೂ ಹೆಚ್ಚುಕಡಿಮೆ ಅದೇ ಉತ್ತರ.

ಜೂನ್ ಹದಿನಾಲ್ಕರಂದು ಬಲಗೈ ಅಚ್ಚಿನ ಕೆಳಗೆ ಹೋಯಿತು. ತೋರುಬೆರಳು, ನಡುಬೆರಳು ಬುಡದಿಂದ ಹೋದವು. ಹೆಬ್ಬೆರಳು ಅರ್ಧ ಉಳಿಯಿತು. ಅವನು ಕುಸಿದಾಗ ಅಂಗಿಯ ಜೇಬಿನಲ್ಲಿದ್ದ ಫೋನ್ ಸಿಮೆಂಟ್ ನೆಲಕ್ಕೆ ಬಿದ್ದು ಗಾಜು ಪುಡಿಯಾಯಿತು.

ಆಸ್ಪತ್ರೆಗೆ ಹೊತ್ತು ತಂದವನು ವಾಮದೇವಪ್ಪನೇ. ಎರಡು ದಿನ ಬಾಗಿಲು ಬಿಟ್ಟು ಅಲುಗಲಿಲ್ಲ. ಯಶೋದಾಳಿಗೆ ಊಟ ತಂದುಕೊಟ್ಟ, ಮಗಳನ್ನು ತನ್ನ ಮನೆಗೆ ಕರೆದೊಯ್ದು ಹೆಂಡತಿ ಊರಮ್ಮನ ಹತ್ತಿರ ಬಿಟ್ಟ. ಹಾಸಿಗೆಯ ಪಕ್ಕ ಕೂತು ಅತ್ತ ಕೂಡ. ಆ ಅಳು ಸುಳ್ಳಾಗಿರಲಿಲ್ಲ ಎಂದೇ ಚೌಡೇಶ್ ಇವತ್ತಿಗೂ ಹೇಳುತ್ತಾನೆ.

ಹದಿನೆಂಟನೇ ತಾರೀಕು ವಾಮದೇವಪ್ಪ ಹೊಸ ಫೋನಿನ ಡಬ್ಬಿ ಹಿಡಿದುಕೊಂಡು ಬಂದ.

"ಯಾಕ ಮಾಮ ಇದೆಲ್ಲ? ಹಳೇದು ನಡೀತೈತಲ್ಲ."

"ಎಲ್ಲಿ ನಡೀತೈತೆ? ಗಾಜು ಮುಟ್ಟಿದ್ರೆ ಕೈ ಕುಯ್ತೈತೆ. ಹೆಬ್ಬೆಟ್ಟು ಇಟ್ಟು ತೆಗೀತಿದ್ದಿ, ಈಗ ಅದೂ ಆಗಲ್ಲ. ಇದಕ್ಕೆ ಎಡಗೈದು ಹಾಕಿಸ್ಕೊಂಡ್ರಾತು. ಲಾಕಿಗೆ ನಂಬರ್ ಏನೋ ಇಟ್ಟಿರ್ತಿಯಲ್ಲ, ಅದನ್ನ ಹೇಳು. ಹಳೇದ್ರಾಗೆ ಇರೋದನ್ನೆಲ್ಲ ಇದಕ್ಕೆ ಹಾಕಿಸ್ಕೊಂಡು ಬರ್ತೀನಿ."

ಚೌಡೇಶ್ ನಂಬರ್ ಹೇಳಿದ. ಮಗಳು ಹುಟ್ಟಿದ ದಿನ ಮತ್ತು ತಿಂಗಳು. "ಪಾಪೂ ಫೋಟೋ ಒಂದೂ ಹೋಗಬಾರ್ದು ಮಾಮ" ಅಂದ.

"ಒಂದೂ ಹೋಗಲ್ಲ. ನಾನೇ ಎದುರಿಗೆ ಕೂತು ಮಾಡಿಸ್ತೀನಿ."

ಸಂಜೆ ಫೋನ್ ಬಂತು. ಮಗಳು ಹುಟ್ಟಿದ ದಿನದ ಫೋಟೋದಿಂದ ಹಿಡಿದು ಎಲ್ಲವೂ ಇದ್ದವು. ನಂಬರುಗಳು, ದುಡ್ಡು ಕಳಿಸುವ ಆ್ಯಪ್, ತೀರಿಹೋದ ಅಪ್ಪ ಬಸ್‌ಸ್ಟ್ಯಾಂಡಿನಲ್ಲಿ ನಿಂತ ವಿಡಿಯೋ ಕೂಡ. ವಾಟ್ಸಾಪ್ ತೆರೆದರೆ ಹೆಂಡತಿಯ ಮಾತು, ತಂಗಿಯ ಮಾತು, ಎಲ್ಲ ವರ್ಷಗಟ್ಟಲೆಯವು ಹಾಗೇ ಇದ್ದವು. ಹಳೇ ಫೋನು ಎಕ್ಸ್‌ಚೇಂಜಿಗೆ ಹೋಯಿತು ಎಂದ ವಾಮದೇವಪ್ಪ. ಯಶೋದಾ ಅವನ ಕಾಲು ಮುಟ್ಟಿದಳು. ವಾಮದೇವಪ್ಪ ಸರಕ್ಕನೆ ಕಾಲು ಹಿಂದೆಳೆದುಕೊಂಡ.

ಆಗಸ್ಟ್‌ನಲ್ಲಿ ಕಾರ್ಖಾನೆಯಿಂದ ಒಂದು ಕಾಗದ ಬಂತು. ಬೇಗ ಮುಗಿಸಿ ಕೂರುವ ಆಸೆಗೆ ಚೌಡೇಶ್ ತಾನೇ ಗುಂಡಿಗೆ ತಂತಿ ಕಟ್ಟಿಕೊಂಡಿದ್ದ, ಎಚ್ಚರಿಕೆ ಕೊಟ್ಟರೂ ಕೇಳಲಿಲ್ಲ, ಆದ್ದರಿಂದ ಪರಿಹಾರಕ್ಕೆ ಕಂಪನಿ ಹೊಣೆಯಲ್ಲ ಎಂದು ಅದರಲ್ಲಿತ್ತು. ಕೆಲಸವೂ ಇಲ್ಲ.

ದಾವಣಗೆರೆಯಲ್ಲಿ ಮಹೇಂದ್ರ ಎಂಬ ವಕೀಲ ಇಂಥ ಕೇಸು ನೋಡುತ್ತಾನೆ ಎಂದು ಯಾರೋ ಹೇಳಿದರು. ಗಂಡ ಹೆಂಡತಿ ಇಬ್ಬರೂ ಹೋದರು. ಮಹೇಂದ್ರ ಕಾಗದ ಎರಡು ಸಲ ಓದಿದ.

"ತಂತಿ ನೀವೇ ಕಟ್ಟಿದ್ದು ಅಂತ ಅವರು ತೋರಿಸಿಬಿಟ್ರೆ ಕಷ್ಟ. ಬೇಕಂತಲೇ ಸುರಕ್ಷತೆ ತೆಗೆದುಹಾಕಿದ ಅಂತ ಆಗ್ತೈತೆ. ನಿಮ್ಮ ಹತ್ರ ಏನಾದ್ರೂ ಐತಾ?"

"ಐತೆ ಸರ್" ಎಂದ ಚೌಡೇಶ್. ಕಾಗದ ಬಂದಾಗಿನಿಂದ ಅವನಿಗೆ ಅಷ್ಟೇನೂ ಭಯ ಆಗಿರಲಿಲ್ಲ, ಇದೇ ಕಾರಣಕ್ಕೆ. "ನಾಲ್ಕು ಸಲ ಫೋಟೋ ಕಳಿಸೀನಿ. ಅವರು ಮಾತಾಡಿದ್ದೂ ಐತೆ."

ಎಡಗೈಯಿಂದ ಫೋನ್ ತೆರೆದ. ವಾಮದೇವಪ್ಪನ ಹೆಸರು ಒತ್ತಿದ. ಮೊದಲ ಮಾತು ಜೂನ್ ಹತ್ತೊಂಬತ್ತರದು: "ಊಟ ಆತಾ ಚೌಡ?" ಅದರ ಹಿಂದೆ ಏನೂ ಇರಲಿಲ್ಲ. ಬೆರಳಿಂದ ಮತ್ತೆ ಮತ್ತೆ ಎಳೆದ. ಫೋಟೋಗಳಲ್ಲಿ ಹುಡುಕಿದ. ಮಗಳ ಫೋಟೋ, ಮದುವೆಮನೆಯ ಫೋಟೋ, ಮಲೆಬೆನ್ನೂರಿನಲ್ಲಿ ತಂಗಿ ಮನೆಯ ಫೋಟೋ. ಮಷೀನಿನದು ಒಂದೂ ಇಲ್ಲ. ಮಹೇಂದ್ರ ಗಡಿಯಾರ ನೋಡಿದ್ದನ್ನು ಯಶೋದಾ ನೋಡಿದಳು.

"ಫೋನ್ ಬದಲಿಸುವಾಗ ಬಿಟ್ಟು ಹೋಗಿರಬೇಕು" ಎಂದಳು ಹೊರಗೆ ಬಂದ ಮೇಲೆ. "ಮೊಬೈಲ್ ಅಂಗಡ್ಯಾಗೆ ಕೇಳಿ ನೋಡಾನ ಬರ್ರಿ."

ಹರಿಹರದ ಬಸ್‌ಸ್ಟ್ಯಾಂಡಿನ ಹತ್ತಿರ ನುಜತ್ ಎಂಬ ಹೆಣ್ಣುಮಗಳು ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದಳು. ಯಶೋದಾಳ ಹತ್ತಿರ ಬ್ಲೌಸ್ ಹೊಲಿಸುವವಳು. ಫೋನ್ ತೆಗೆದುಕೊಂಡು ಅರ್ಧ ಗಂಟೆ ನೋಡಿದಳು.

"ಇದು ಬಿಟ್ಟುಹೋಗಿದ್ದಲ್ಲ ಅಣ್ಣ."

"ಅಂದ್ರ?"

"ಫೋನಿಂದ ಫೋನಿಗೆ ಹಾಕುವಾಗ ವಾಟ್ಸಾಪ್ ಪೂರ್ತಿ ಒಂದೇ ಗಂಟಾಗಿ ಬರ್ತೈತೆ. ಬಂದ್ರೆ ಎಲ್ಲಾರದೂ ಬರ್ತೈತೆ, ಇಲ್ಲಾಂದ್ರೆ ಯಾರದೂ ಇಲ್ಲ. ಒಬ್ಬರದು ಮಾತ್ರ ಹಿಂದೆ ಉಳಿಯಲ್ಲ. ಹಳೇ ಫೋನಿನಾಗೇ ಅಳಿಸಿ, ಆಮೇಲೆ ಹಾಕ್ಯಾರ." ಅವಳು ಫೋಟೋಗಳನ್ನು ತೋರಿಸಿದಳು. "ಇದೂ ಹಂಗೇ. ಒಂದೊಂದೇ ಆರಿಸಿ ತೆಗೆದಾರ. ಕಸದಬುಟ್ಟಿನೂ ಖಾಲಿ ಮಾಡ್ಯಾರ."

"ಬ್ಯಾಕಪ್ ಅಂತ ಇರ್ತೈತಲ್ಲ?" ಎಂದಳು ಯಶೋದಾ.

"ಐತಕ್ಕ. ಜೂನ್ ಹದಿನೆಂಟು, ಮಧ್ಯಾಹ್ನ ಮೂರೂವರೆಗೆ ಹೊಸದು ಬಿದ್ದೈತೆ. ಹೊಸದು ಬಿದ್ದರೆ ಹಳೇದು ಹೋತು." ನುಜತ್ ಫೋನನ್ನು ಕೌಂಟರಿನ ಗಾಜಿನ ಮೇಲೆ ಮೆಲ್ಲಗೆ ಇಟ್ಟಳು. "ಇನ್ನೊಂದು ಕಡೆ ಇರ್ತೈತೆ. ಯಾರಿಗೆ ಕಳಿಸಿದ್ರೋ ಅವರ ಫೋನಿನಾಗೆ."

ಮೂರೂವರೆ. ಆ ಹೊತ್ತಿನಲ್ಲಿ ನರ್ಸು ಬಂದು ಗಾಯಕ್ಕೆ ಹೊಸ ಪಟ್ಟಿ ಸುತ್ತಿದ್ದಳು. ನೋವು ತಡೆಯದೆ ಚೌಡೇಶ್ ಮಾಮನನ್ನು ಕರೆದಿದ್ದ. ಮಾಮ ನಿಮ್ಮ ಫೋನಿನ ಕೆಲಸಕ್ಕೇ ಹೋಗ್ಯಾರ ಎಂದು ಯಶೋದಾ ಸಮಾಧಾನ ಮಾಡಿದ್ದಳು.

ಮಾಮನ ಮನೆಗೆ ಹೋಗುವುದು ಬ್ಯಾಡ ಅಂದ ಚೌಡೇಶ್. ಯಶೋದಾ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ದಾವಣಗೆರೆಯ ವಾಮದೇವಪ್ಪನ ಮನೆಗೆ ಹೋದರು. ಊರಮ್ಮ "ಬರ್ರಿ, ಕೂಡ್ರಿ" ಎಂದು ಚಾಪೆ ಹಾಸಿದಳು. ವಾಮದೇವಪ್ಪ ಬನಿಯನ್ನಿನಲ್ಲೇ ಬಂದು ಎದುರಿಗೆ ಕೂತ. ಪಕ್ಕದ ಟೀಪಾಯಿಯ ಮೇಲೆ ಅವನ ಫೋನ್ ಇತ್ತು. ಅದೂ ಹೊಸದು, ಚೌಡೇಶನ ಫೋನಿನದೇ ಬಣ್ಣ, ಅದೇ ಕಂಪನಿ.

ಚೌಡೇಶ್ ಅದನ್ನೇ ನೋಡುತ್ತಿದ್ದ. ಕೇಳಬೇಕೆಂದು ಬಂದದ್ದನ್ನು ಕೇಳುವ ಅಗತ್ಯ ಉಳಿಯಲಿಲ್ಲ.

"ಇಬ್ಬರಿಗೂ ಆಫೀಸಿನೋರೇ ಕೊಡ್ಸಿದ್ರು" ಎಂದ ವಾಮದೇವಪ್ಪ, ತಾನಾಗಿಯೇ. "ನನ್ನ ಹಳೇದನ್ನ ಅವರೇ ಇಟ್ಕೊಂಡ್ರು. ಏನೂ ಹಾಕ್ಕೊಡಲಿಲ್ಲ. ನಮ್ಮವ್ವನ ಫೋಟೋ ಇದ್ವು, ಎಲ್ಲಾ ಹೋದ್ವು. ನಿನ್ನದನ್ನೂ ಹಂಗೇ ಕಿತ್ಕಳ್ಳೋರಿದ್ರು. ನಾನೇ ಕೈಕಾಲು ಹಿಡಿದೆ. ಮಗಳ ಫೋಟೋ ಅದಾವ, ಬೇಕಾದ್ದಷ್ಟೇ ತೆಗೀತೀನಿ, ಉಳಿದಿದ್ದು ಕೊಡ್ತೀನಿ ಅಂದೆ. ಮೂರು ತಾಸು ಕೂತು ಮಾಡೀನಿ ಚೌಡ. ಪಾಪೂಂದು ಒಂದು ಫೋಟೋನೂ ಬಿಟ್ಟಿಲ್ಲ."

ಅವನ ದನಿಯಲ್ಲಿ ಉಪಕಾರ ಮಾಡಿದವನ ನಿರೀಕ್ಷೆ ಇತ್ತು. ಅದು ಚೌಡೇಶನಿಗೆ ಬೆರಳು ಹೋದದ್ದಕ್ಕಿಂತ ಹೆಚ್ಚು ಉರಿಯಿತು.

"ಫೋನ್ ಬ್ಯಾಡ ಮಾಮ" ಎಂದಳು ಯಶೋದಾ. "ಹೋಗಿದ್ದು ಹೋತು. ಕೇಸಿನ ದಿನ ಬಂದು ಬಾಯಿಂದ ಹೇಳ್ರಿ ಸಾಕು. ತಂತಿ ಯಾರು ಕಟ್ಟಿಸಿದ್ರು, ಇವರು ಎಷ್ಟು ಸಲ ಬ್ಯಾಡ ಅಂದ್ರು. ಅಷ್ಟೇ."

ವಾಮದೇವಪ್ಪ ನೆಲ ನೋಡಿದ. ಉತ್ತರ ಕೊಟ್ಟವಳು ಊರಮ್ಮ. "ಇವರಿಗೆ ಇನ್ನೂ ಎರಡು ವರ್ಷ ಸರ್ವೀಸ್ ಐತವ್ವ. ತಂತಿ ಸೂಪರ್‌ವೈಸರೇ ಕಟ್ಟಿಸಿದ್ದು ಅಂತ ಬರೀತೀವಿ ಅಂತ ಹೆದರಿಸ್ಯಾರ. ಈ ವಯಸ್ಸಿನಾಗೆ ಜೈಲಿಗೆ ಹೋಗು ಅಂತೀಯಾ?"

"ಹಂಗಾರೆ ನಮ್ಮದು?" ಎಂದಳು ಯಶೋದಾ.

ಊರಮ್ಮ ಚಹಾ ತರುತ್ತೇನೆಂದು ಎದ್ದಳು. ಅವಳು ಬರುವಷ್ಟರಲ್ಲಿ ಇವರಿಬ್ಬರೂ ಚಪ್ಪಲಿ ಮೆಟ್ಟಿದ್ದರು.

ಮಹೇಂದ್ರ ಕಾರ್ಮಿಕ ಇಲಾಖೆಯಲ್ಲಿ ಹಾಕಿದ್ದ ಕೇಸಿನ ವಿಚಾರಣೆಯ ದಿನ ವಾಮದೇವಪ್ಪ ಬಂದ, ಕಂಪನಿಯ ಕಾರಿನಲ್ಲಿ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದ. ಅಧಿಕಾರಿ ಕೇಳಿದ್ದಕ್ಕೆ, "ಹುಡುಗ ಒಳ್ಳೆಯವನೇ ಸರ್, ಆದ್ರೆ ಅವಸರದ ಸ್ವಭಾವ. ಬ್ಯಾಡ ಅಂತ ನಾನೇ ಎಷ್ಟೋ ಸಲ ಹೇಳಿದ್ದೆ, ಅವನೇ ತಂತಿ ಕಟ್ಕೊಂಡ" ಎಂದ. ತಡವರಿಸಲಿಲ್ಲ. ಮೊದಲೇ ಹತ್ತು ಸಲ ಹೇಳಿ ನೋಡಿದ ಹಾಗಿತ್ತು. ಚೌಡೇಶ್ ಎದ್ದು ನಿಂತು, ನಾನು ಫೋಟೋ ಕಳಿಸಿದ್ದೆ ಎಂದ. ತೋರಿಸಿ ಎಂದರು ಅಧಿಕಾರಿ. ಅಳಿಸಿದಾರೆ ಎಂದ. ಯಾರು ಎಂದು ಕೇಳಿದರು. ಅವನು ವಾಮದೇವಪ್ಪನ ಕಡೆ ಕೈ ತೋರಿಸಿದ. ತೋರಿಸುವ ಬೆರಳು ಇಲ್ಲದ ಕೈ ಅದು. ನಿಮ್ಮ ಫೋನ್ ತೆರೆಯುವ ನಂಬರ್ ಅವರಿಗೆ ಹೇಗೆ ಗೊತ್ತಾಯಿತು ಎಂದು ಕಂಪನಿಯ ವಕೀಲ ಕೇಳಿದ. ನಾನೇ ಹೇಳಿದೆ ಎಂದ ಚೌಡೇಶ್. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

ಹೊರಗೆ ಮಹೇಂದ್ರ ಇಬ್ಬರನ್ನೂ ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು, ಹೋರಾಡಿದರೆ ವರ್ಷಗಳು ಹಿಡಿಯುತ್ತವೆ, ಕಂಪನಿ ಮಾನವೀಯತೆಯಿಂದ ಅಂತ ಏನೋ ಒಂದಿಷ್ಟು ಕೊಡಲು ಒಪ್ಪಿದೆ ಎಂದ. ಕಾನೂನಿನ ಪ್ರಕಾರ ಬರಬೇಕಾದ್ದರ ಕಾಲು ಭಾಗವೂ ಆಗಿರಲಿಲ್ಲ. ಮಗಳ ಸ್ಕೂಲು, ಮನೆ ಬಾಡಿಗೆ ಎರಡನ್ನೂ ಅಪಘಾತವಾದಾಗಿನಿಂದ ಯಶೋದಾಳ ಹೊಲಿಗೆ ಮಷೀನೇ ನಡೆಸುತ್ತಿತ್ತು. ಚೌಡೇಶ್ ಹೆಂಡತಿಯ ಮುಖ ನೋಡಿದ. ಅವಳು ಬೇರೆ ಕಡೆ ನೋಡುತ್ತಿದ್ದಳು.

ರಾಜಿಯ ಕಾಗದದಲ್ಲಿ, ಅಪಘಾತ ನನ್ನ ಅಜಾಗರೂಕತೆಯಿಂದ ಆಯಿತು ಎಂಬ ಸಾಲೂ ಇತ್ತು. ಗುಮಾಸ್ತ ಇಂಕಿನ ಪ್ಯಾಡ್ ಮುಂದೆ ತಳ್ಳಿ, "ಎಡಗೈ ಹೆಬ್ಬೆಟ್ಟು ಒತ್ತಪ್ಪ, ನಡೀತೈತೆ" ಎಂದ.

"ನನಗೆ ಓದು ಬರಹ ಬರ್ತೈತ್ರಿ" ಎಂದ ಚೌಡೇಶ್. ಎಡಗೈಯಲ್ಲಿ ಪೆನ್ನು ಹಿಡಿದು ಹೆಸರು ಬರೆದ. ಬಹಳ ಹೊತ್ತು ಹಿಡಿಯಿತು. ಗುಮಾಸ್ತನ ಹಿಂದೆ ನಿಂತಿದ್ದವರು ಗೊಣಗಿದರು.

ಬಸ್ಸಿಗೆ ಹೊತ್ತಿತ್ತು. ಬೆಳಿಗ್ಗೆಯಿಂದ ಇಬ್ಬರೂ ಏನೂ ತಿಂದಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಖಾನಾವಳಿಗೆ ಹೋಗಿ ಕೂತರು. ರೊಟ್ಟಿ, ಪಲ್ಯ, ಅನ್ನ ಬಂತು. ಮನೆಯಲ್ಲಾದರೆ ಯಶೋದಾ ಅನ್ನ ಕಲಸಿ ತುತ್ತು ಮಾಡಿಡುತ್ತಿದ್ದಳು. ಇಲ್ಲೂ ಅವಳು ಅವನ ತಟ್ಟೆಯ ಕಡೆ ಕೈ ಚಾಚಿದಳು.

"ಬ್ಯಾಡ ಬಿಡು" ಎಂದ.

ಎಡಗೈಯಿಂದ ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದ. ಎದುರಿನ ಮೇಜಿನ ಹಿರಿಯರೊಬ್ಬರು ಅಸಹ್ಯದಿಂದ ನೋಡಿ, ಆಮೇಲೆ ಅವನ ಬಲಗೈ ಕಂಡು ಮುಖ ತಿರುಗಿಸಿದರು. ಚೌಡೇಶ್ ತಲೆ ತಗ್ಗಿಸಲಿಲ್ಲ. ಇನ್ನೊಂದು ರೊಟ್ಟಿ ಹಾಕ್ರಿ ಎಂದು ಬಡಿಸುವವನಿಗೆ ಹೇಳಿದ.