ಅಮೆರಿಕದ ಪಾಠಕ್ಕೆ ಒಂದು ಸೇರು ಅಕ್ಕಿ

ಲಿಖಿತಾಳಿಗೆ ತನ್ನ ಮೇಲೆ ನಂಬಿಕೆ ಬಹಳ. ಅದು ಸ್ವಲ್ಪ ಕಮ್ಮಿ ಇದ್ದಿದ್ದರೆ ಮನೆಯಲ್ಲಿ ನೆಮ್ಮದಿ ಇರುತ್ತಿತ್ತು ಎಂದು ಗಂಡ ಮಂಜುನಾಥ ಆಗಾಗ ಗೊಣಗುವುದುಂಟು. ಹತ್ತು ವರ್ಷದ ಮಗಳು ಶ್ರಾವ್ಯಾ ಶಾಲೆ ಎಂದರೆ ಸಾಕು, ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಅಳುತ್ತಿದ್ದಳು. ಡಾಕ್ಟರು, ಕಷಾಯ, ಹರಕೆ, ಎಲ್ಲ ಆಯಿತು. ಕೊನೆಗೆ ಲಿಖಿತಾ ಅವಳನ್ನು ಶಾಲೆಯಿಂದ ಬಿಡಿಸಿ, ತಾನು ಬಿ.ಎಡ್. ಮಾಡಿದ್ದು ಗೋಡೆಗೆ ತೂಗುಹಾಕುವುದಕ್ಕಲ್ಲ ಎಂದು ಹೊಸನಗರದ ಬಸ್ ಸ್ಟ್ಯಾಂಡ್ ಹಿಂದಿನ ಬಾಡಿಗೆ ಮನೆಯಲ್ಲೇ ಪಾಠ ಶುರುಮಾಡಿದಳು. ಎರಡು ವರ್ಷವಾಗಿತ್ತು. ಹೊಟ್ಟೆನೋವು ಮತ್ತೆ ಬಂದಿರಲಿಲ್ಲ.

ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಮನೆಯಲ್ಲೇ ಕಲಿಯುವ ಮಕ್ಕಳಿಗೆಂದು ಬಿಟ್ಟಿ ಸಿಗುವ ಒಳ್ಳೆಯ ವೆಬ್‌ಸೈಟುಗಳನ್ನು ಅವಳು ಹುಡುಕಿ ಇಟ್ಟಿದ್ದಳು. ಅವುಗಳಲ್ಲಿ ಬಹುಪಾಲು ಅಮೆರಿಕದವು. ಗಣಿತ, ವಿಜ್ಞಾನದ ಬೆನ್ನಿಗೆ ಅವರ ಚರಿತ್ರೆಯೂ ಬಂತು: ನಕ್ಷೆ, ವಿಡಿಯೊ, ಹಳೆಯ ಪತ್ರಗಳು, ಪಾಠದ ಕೊನೆಗೆ ಪ್ರಶ್ನೆಗಳು. ಇಷ್ಟು ಅಚ್ಚುಕಟ್ಟಾಗಿ ಬಂದದ್ದನ್ನು ಬಿಡುವವಳೇ ಅವಳು? ಬಾಸ್ಟನ್ ಬಂದರಿನಲ್ಲಿ ಚಹಾ ಚೆಲ್ಲಿದ ಇಸವಿಯನ್ನು ಶ್ರಾವ್ಯಾ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದಳು.

ಮಾವ ಹೂವಪ್ಪನವರಿಗೆ ಮಾತ್ರ ಇದು ಸರಿಬರಲಿಲ್ಲ. ಸಾಗರದ ಹತ್ತಿರದ ಊರಿನಲ್ಲಿ ಗದ್ದೆ ಮಾಡಿಕೊಂಡಿರುವ ಎಪ್ಪತ್ತಾರರ ಗಟ್ಟಿ ಮನುಷ್ಯ. ಓದಿದ್ದು ನಾಲ್ಕನೇ ಕ್ಲಾಸು. ಮಾರ್ಚಿನ ಒಂದು ಭಾನುವಾರ ಸಾಗರದ ಶಾಲೆಯೊಂದರ ಅರ್ಜಿ ಹಿಡಿದುಕೊಂಡು ಬಂದೇಬಿಟ್ಟರು. ಅದಕ್ಕೆ ಮಂಜುನಾಥನ ಸಹಿ ಆಗಲೇ ಬಿದ್ದಿತ್ತು. ಆ ಪುಣ್ಯಾತ್ಮ ಪಂಪ್ ರಿಪೇರಿಯ ನೆಪ ಹೇಳಿ ಬೆಳಿಗ್ಗೆಯೇ ತೀರ್ಥಹಳ್ಳಿಗೆ ಜಾರಿಕೊಂಡಿದ್ದ.

ಲಿಖಿತಾಳಿಗೆ ಮೈಯೆಲ್ಲ ಉರಿಯಿತು. ಆದರೂ ಮಾವನಿಗೆ ಕಾಫಿ ಕೊಟ್ಟು, ಒಂದೇ ಒಂದು ಪಾಠ ಕೂತು ಕೇಳಿ, ಆಮೇಲೆ ನಿಮ್ಮಿಷ್ಟ ಎಂದಳು. ಹೂವಪ್ಪ ಗಡ್ಡ ಕೆರೆದುಕೊಂಡರು.

"ಆಯ್ತು. ನಂಗೆ ಅರ್ಥ ಆದ್ರೆ ಈ ಅರ್ಜಿ ಹರ್ದು ಹಾಕ್ತೀನಿ. ಆಗ್ಲಿಲ್ಲ ಅಂದ್ರೆ ಜೂನ್‌ನಲ್ಲಿ ಹುಡ್ಗಿ ಶಾಲೆಗೆ. ಮತ್ತೆ ಮಾತಿಲ್ಲ."

ಗೆದ್ದೆ ಎಂದುಕೊಂಡಳು ಲಿಖಿತಾ. ಅವತ್ತಿನ ಪಾಠ, ಅಮೆರಿಕದಲ್ಲಿ ಗುಲಾಮಗಿರಿ ಮುಗಿದ ಮೇಲಿನ ಕಾಲದ್ದು. ಬಿಡುಗಡೆಯಾದವರಿಗೆ ಸ್ವಂತ ನೆಲವಿಲ್ಲ. ಹಳೆಯ ಒಡೆಯರ ಹೊಲದಲ್ಲೇ ಪಾಲಿಗೆ ಹತ್ತಿ ಬೆಳೆದರು. ಬೀಜ, ಊಟದ ಕಾಳು ಒಡೆಯನ ಹತ್ತಿರವೇ ಸಾಲ. ವಿಡಿಯೊ ನಡೆದ ಹಾಗೆ ಅವಳು ಕನ್ನಡದಲ್ಲಿ ಬಿಡಿಸಿ ಹೇಳಿದಳು. ಮಾವ ತಲೆಯಾಡಿಸುತ್ತಿದ್ದರು. ಕೊನೆಯಲ್ಲಿ ಪ್ರಶ್ನೆ ಬಂತು: ಬೆಳೆ ಚೆನ್ನಾಗಿ ಬಂದ ವರ್ಷವೂ ಅವರ ಸಾಲ ತೀರುತ್ತಿರಲಿಲ್ಲ, ಯಾಕೆ?

ಶ್ರಾವ್ಯಾ ಯೋಚಿಸಿ, ಖರ್ಚು ಜಾಸ್ತಿ ಮಾಡಿದರು ಎಂಬ ಉತ್ತರ ಒತ್ತಿದಳು. ಕೆಂಪು ಗುರುತು ಬಂತು. ಲಿಖಿತಾ ಇನ್ನೊಮ್ಮೆ ವಿವರಿಸಿದಳು. ಅದು ಒಂದು ಆರ್ಥಿಕ ವ್ಯವಸ್ಥೆ ಎಂದಳು, ಶೋಷಣೆ ಎಂದಳು. ಮಗಳು ಪಿಳಿಪಿಳಿ ನೋಡಿದಳು. ಅವರು ಅಷ್ಟು ದುಡಿದಿದ್ದಾರೆ, ಬೆಳೆಯೂ ಬಂದಿದೆ, ಮತ್ತೆ ಉಳಿಯದೆ ಹೋಗಿದ್ದು ಎಲ್ಲಿಗೆ ಎಂದು ಕೇಳಿದಳು. ಲಿಖಿತಾ ವಿಡಿಯೊವನ್ನು ಹಿಂದಕ್ಕೆ ಓಡಿಸಿ ಅದೇ ಮಾತನ್ನು ಮತ್ತೆ ಕೇಳಿಸಿದಳು. ಪುಸ್ತಕದ ಮಾತು ಅವಳ ಬಳಿ ಬೇಕಾದಷ್ಟಿತ್ತು. ಅದ್ಯಾವುದೂ ಮಗಳ ತಲೆಗೆ ಹೋಗಲಿಲ್ಲ.

"ಒಳಗಿಂದ ಸೇರು ತಗಂಬಾ. ಅಕ್ಕಿನೂ ತಗಂಬಾ" ಎಂದರು ಹೂವಪ್ಪ ಮೊಮ್ಮಗಳಿಗೆ.

ಅವರು ನೆಲದ ಮೇಲೆ ಚಕ್ಕಳಮಕ್ಕಳ ಕೂತು, ತಾನು ಒಡೆಯ, ಮೊಮ್ಮಗಳು ಗೇಣಿದಾರಳು ಎಂದು ಸಾರಿದರು. ಮಳೆಗಾಲದಲ್ಲಿ ಅವಳ ಮನೆಯಲ್ಲಿ ಕಾಳಿಲ್ಲ, ಸಾಲ ಕೇಳುತ್ತಾಳೆ. ಸೇರು ತುಂಬಿ, ಅಂಗೈಯಿಂದ ಅದರ ಬಾಯಿ ಸವರಿ ಮಟ್ಟಮಾಡಿ ಕೊಟ್ಟರು. ಸುಗ್ಗಿ ಬಂತು, ತೀರಿಸಬೇಕು. ಈಗ ಅವಳ ಪಾಲೆಂದು ಬದಿಗಿಟ್ಟ ಅಕ್ಕಿಯನ್ನು ಅದೇ ಸೇರಿಗೆ ಸುರಿದರು, ಮೇಲೆ ಗುಡ್ಡೆ ಏರಿತು, ಇನ್ನೂ ಸುರಿದರು. ಸೇರು ಒಂದೇ, ಲೆಕ್ಕವೂ ಒಂದೇ. ಶ್ರಾವ್ಯಾಳ ಪಾಲಿನ ಅಕ್ಕಿ ನೋಡನೋಡುತ್ತ ಕರಗಿತು.

"ಅಜ್ಜ, ನೀನು ಮೋಸ ಮಾಡ್ತಿದೀಯ."

"ಹೌದು. ಯಾರ ಹತ್ರ ಹೇಳ್ತೀಯಾ? ಅಳೆಯೋನು ನಾನು, ಬರೆಯೋನು ನಾನು, ಗದ್ದೆ ನಂದು. ಬಾಯಿ ಬಿಟ್ರೆ ನಾಳೆ ನಿಂಗೆ ಗದ್ದೆ ಇಲ್ಲ."

ಹುಡುಗಿಯ ಕಣ್ಣು ತುಂಬಿತು. ಸಿಟ್ಟಿನಲ್ಲೇ ಎದ್ದು ಹೋಗಿ, ತೂಕವೂ ಲೆಕ್ಕವೂ ಒಡೆಯನ ಕೈಯಲ್ಲಿತ್ತು ಎಂಬ ಉತ್ತರ ಒತ್ತಿದಳು. ಹಸಿರು ಗುರುತು ಬಂತು.

ಹಸಿರು ಗುರುತು ಬಂದದ್ದು ತನ್ನ ಪಾಠದಿಂದ ಎಂದುಬಿಡಬಹುದಿತ್ತು ಲಿಖಿತಾ. ಆದರೆ ಸುಳ್ಳು ಹೇಳಿ ಗೆಲ್ಲುವ ಜಾಯಮಾನ ಅವಳದಲ್ಲ. ಪಾಠ ಮಾಡಿದ್ದು ನೀವು, ನಾನಲ್ಲ, ನಾನು ಸೋತೆ ಮಾವ ಎಂದಳು.

"ಸೋತಿದ್ದು ಹೌದು" ಎಂದರು ಹೂವಪ್ಪ ಅಕ್ಕಿ ಬಾಚುತ್ತ. "ಆದ್ರೆ ಮಾತು ಏನಿತ್ತು? ನಂಗೆ ಅರ್ಥ ಆಗ್ಬೇಕು ಅಂತ. ನಂಗೆ ಆಯ್ತು. ಈ ಪಾಠ ನೀನು ಹುಡುಕಿ ತರ್ದೇ ಇದ್ರೆ ಇಷ್ಟು ದೂರದಲ್ಲೂ ನಮ್ಮಂಥೋರು ಇದ್ರು ಅಂತ ನಂಗೆ ಎಲ್ಲಿ ಗೊತ್ತಾಗ್ತಿತ್ತು?" ಅರ್ಜಿಯನ್ನು ನಾಲ್ಕು ತುಂಡು ಮಾಡಿದರು. ಲಿಖಿತಾ ಖುಷಿಯಲ್ಲಿ ಮಾವ ಕೇಳದೆಯೇ ಎರಡನೇ ಕಾಫಿ ತಂದಿಟ್ಟಳು. ಅದೊಂದು ಅಪರೂಪ.

ಆಮೇಲೆ ಅವರು ಮೊಮ್ಮಗಳ ಕಡೆ ತಿರುಗಿ, ಆ ಜನಕ್ಕೆ ಕೊನೆಗಾದರೂ ಜಮೀನು ಸಿಕ್ಕಿತಾ ಎಂದು ಕೇಳಿದರು. ಹೆಚ್ಚಿನವರಿಗೆ ಸಿಗಲಿಲ್ಲ ಎಂದಳು ಶ್ರಾವ್ಯಾ. ಹೂವಪ್ಪ ಸೇರನ್ನು ಎತ್ತಿ ಬದಿಗಿಟ್ಟರು.

"ನಮಗೆ ಸಿಕ್ತು."

ಹೇಗೆ ಎಂದಳು ಹುಡುಗಿ. ಲಿಖಿತಾ ಮದುವೆಯಾಗಿ ಹನ್ನೆರಡು ವರ್ಷದಿಂದ ಆ ಗದ್ದೆಯ ಅನ್ನ ಉಣ್ಣುತ್ತಿದ್ದಳು. ಒಂದು ದಿನವೂ ಕೇಳಿರಲಿಲ್ಲ. ನಾಚಿಕೆಯಾಯಿತು. ಅವಳೂ ಒಂದು ನೋಟ್ ಪುಸ್ತಕ ತಂದು ಮಗಳ ಪಕ್ಕ ನೆಲದ ಮೇಲೆ ಕೂತಳು.

"ಬರ್ಕಳಿ" ಎಂದರು ಹೂವಪ್ಪ. "ಎಪ್ಪತ್ತಾರನೇ ಇಸವಿ, ಉಳೋನಿಗೇ ಭೂಮಿ ಅಂತ ಕಾನೂನು ಬಂದಿತ್ತು, ಸಾಗರದಲ್ಲಿ ಭೂನ್ಯಾಯ ಮಂಡಳಿ. ಒಡೇರು ಎದ್ರಿಗೇ ಕೂತಿದ್ರು. ಈ ಗದ್ದೆ ಉಳ್ತಾ ಇದ್ದಿದ್ದು ಯಾರು ಅಂತ ಮಂಡಳಿಯೋರು ಕೇಳಿದ್ರು. ನಮ್ಮಪ್ಪಂಗೆ ಹೆದ್ರಿಕೇಲಿ ಬಾಯೇ ಬರ್ಲಿಲ್ಲ. ನಾನು ಎದ್ದು ನಿಂತು ಹೇಳ್ದೆ, ನಾವು ಅಂತ."