ಓರೆಯಾಗಿ ಮುರಿದ ಚಾಕ್‌ಪೀಸ್

"ಮೇಷ್ಟ್ರು ಸಹಿ ಹಾಕ್ಲಿಲ್ಲ ಚಿಕ್ಕಪ್ಪಾ! ನಾಳೆ ಜೂನಿಯರ್ಸ್‌ಗೆ ನಾನೇ ಪಾಠ ಮಾಡ್ಬೇಕಂತೆ!"

ಚಪ್ಪಲಿಯನ್ನೂ ಬಿಡದೆ ಹುಡುಗಿ ಅಡುಗೆಮನೆಗೆ ನುಗ್ಗಿದಳು. ಸಿಂಕಿನ ಕೆಳಗೆ ಮಲಗಿ ಪೈಪು ಬಿಚ್ಚುತ್ತಿದ್ದ ಚಿಕ್ಕಪ್ಪ ಏಳಲು ಹೋಗಿ ತಲೆಗೆ ಠಣ್ಣನೆ ಹೊಡೆಸಿಕೊಂಡ. ಊರವರ ನಲ್ಲಿಗಳನ್ನೆಲ್ಲ ರಿಪೇರಿ ಮಾಡುವವನ ಮನೆಯದೇ ಸೋರುತ್ತಿತ್ತು.

"ಯಾವ ಪಾಠನೇ?"

"ಟಾರ್ಷನ್. ಕಂಬಿ ತಿರುಚಿದ್ರೆ ಅದರೊಳಗೆ ಏನಾಗುತ್ತೆ ಅಂತ. ನಾನು ಎರಡು ಸಲ ಡುಮ್ಕಿ ಹೊಡೆದಿದ್ದು ಅದ್ರಲ್ಲೇ!"

"ಸರಿಹೋಯ್ತು. ಕುರುಡ ಕುರುಡನಿಗೆ ದಾರಿ ತೋರಿಸಿದ ಹಾಗೆ."

ಕಾಲೇಜು ಬಿಡುವ ಅರ್ಜಿ ಹಿಡಿದು ಅವಳು ಮೇಷ್ಟ್ರ ಕೋಣೆಗೆ ಹೋಗಿದ್ದಳು. ಅವರು ಅದನ್ನು ಮಡಚಿ ಡ್ರಾಯರಿಗೆ ಹಾಕಿ, ಒಂದು ಡಬ್ಬಿ ಚಾಕ್‌ಪೀಸ್ ಕೈಗಿತ್ತಿದ್ದರು. "ಇದನ್ನ ತಿರುಚಿ ಮುರಿದ್ರೆ ಸುರುಳಿ ಥರ ಓರೆಯಾಗಿ ಒಡೆಯುತ್ತೆ. ಯಾಕೆ ಅಂತ ಮಕ್ಕಳಿಗೆ ಹೇಳು. ಆಮೇಲೂ ಬಿಡ್ತೀನಿ ಅಂದ್ರೆ ಸಹಿ ಹಾಕ್ತೀನಿ."

ಹುಡುಗಿ ಊಟದ ಮೇಜಿನ ಮುಂದೆ ಕೂತು ಮುರಿದಳು. ನೇರ ಸೀಳು. ಇನ್ನೊಂದು. ಅದೂ ನೇರ. ಹನ್ನೊಂದನೆಯದಕ್ಕೆ ಕಣ್ಣಂಚು ಒದ್ದೆಯಾಯಿತು.

"ಚಾಕ್‌ಪೀಸ್‌ಗೂ ನನ್ನ ಕಂಡ್ರೆ ತಾತ್ಸಾರ."

ಚಿಕ್ಕಪ್ಪ ಕೈ ಒರೆಸಿಕೊಂಡು ಬಂದು ಅವಳ ಕೈಯನ್ನೇ ನೋಡಿದ. "ನೀನೆಲ್ಲಿ ತಿರುಚ್ತಿದ್ದೀಯ? ಬಗ್ಗಿಸ್ತಿದ್ದೀಯ! ನಾನು ಹೀಗೆ ಪೈಪ್ ಬಿಚ್ಚಿದ್ರೆ ಗೋಡೆ ಸಮೇತ ಕೈಗೆ ಬರುತ್ತೆ. ಒಂದು ಕೈ ಗಟ್ಟಿ ಹಿಡ್ಕೊಂಡಿರ್ಬೇಕು, ಇನ್ನೊಂದು ಬರೀ ತಿರುಗಬೇಕು. ಎರಡೂ ಒಂದೇ ಗೆರೇಲಿರ್ಲಿ, ಮಹಾರಾಯ್ತಿ."

ಅವಳು ಮೊಣಕೈಗಳನ್ನು ಮೇಜಿಗೆ ಊರಿ, ಉಸಿರು ಹಿಡಿದು ತಿರುಚಿದಳು. ಟಕ್! ಸೀಳು ಸುರುಳಿಯಾಗಿ ಓರೆಗೆ ಓಡಿತ್ತು.

ಮರುದಿನ ಲ್ಯಾಬಿನಲ್ಲಿ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವಳು ಮೊದಲು ತನ್ನ ತಪ್ಪನ್ನೇ ಮಾಡಿ ತೋರಿಸಿದಳು. ಹುಡುಗರು ನಕ್ಕರು, ತಾವೂ ಮುರಿದಾಗ ನೇರವಾಗಿಯೇ ಒಡೆದದ್ದು ಕಂಡು ನಗು ನಿಂತಿತು. ಆಮೇಲೆ ಸೈಕಲ್ ಟ್ಯೂಬಿನ ಮೇಲೆ ಚೌಕ ಬರೆದು ತಿರುಚಿದಳು. ಚೌಕ ವಾಲಿತು.

"ನೋಡ್ರೋ, ಈ ಮೂಲೆಯಿಂದ ಆ ಮೂಲೆಗೆ ಎಳೀತಿದೆ. ಚಾಕ್‌ಪೀಸ್‌ಗೆ ಎಳೆತ ತಡ್ಕೊಳ್ಳೋ ಶಕ್ತಿ ಇಲ್ಲ. ಅದಕ್ಕೇ ಆ ಎಳೆತಕ್ಕೆ ಅಡ್ಡಲಾಗಿ ಬಾಯಿಬಿಡುತ್ತೆ."

ಹೇಳುತ್ತ ಹೇಳುತ್ತ ಅವಳಿಗೇ ಮೈ ಜುಮ್ಮೆಂದಿತು. ಎರಡು ವರ್ಷ ಬಾಯಿಪಾಠ ಮಾಡಿದ್ದ ಸೂತ್ರ ಈಗ ಕಣ್ಣೆದುರು ವಾಲಿ ನಿಂತಿತ್ತು.

"ಅಕ್ಕಾ, ಹಾಗಾದ್ರೆ ಉಕ್ಕಿನ ಕಂಬಿನೂ ಹೀಗೇ ಮುರಿಯುತ್ತಾ?" ಮುಂದಿನ ಬೆಂಚಿನ ಹುಡುಗಿ ಕೇಳಿದಳು.

ಅವಳು ಮೇಷ್ಟ್ರ ಕಡೆ ನೋಡಿದಳು. ಅವರು ಕನ್ನಡಕ ಒರೆಸುವುದರಲ್ಲಿ ಮುಳುಗಿಹೋಗಿದ್ದರು.

"ಗೊತ್ತಿಲ್ಲ ಕಣೇ. ಉಕ್ಕು ಎಳೆತಕ್ಕೆ ಇಷ್ಟು ಬೇಗ ಸೋಲಲ್ಲ. ನಾಳೆ ಹತ್ತು ಗಂಟೆಗೆ ಎಲ್ಲರೂ ಕಂಬಿ ತಿರುಚೋ ಮೆಷಿನ್ ಹತ್ರ ಬನ್ನಿ, ಮುರಿದೇ ನೋಡೋಣ."

"ನೀನು ಒಂಬತ್ತೂವರೆಗೇ ಬಾ," ಮೇಷ್ಟ್ರು ಹಿಂದಿನಿಂದ ಕೂಗಿದರು. "ಕಂಬಿ ಎಷ್ಟು ತಿರುಚ್ಕೊಳ್ಳುತ್ತೆ ಅಂತ ಕಾಣೋಕೆ ಮೊದಲು ಅದರ ಮೇಲೆ ಗೆರೆ ಎಳೀಬೇಕು."

"ಒಂಬತ್ತಕ್ಕೇ ಬರ್ತೀನಿ ಸರ್."